ಕಂಪ್ಯೂಟರ್ ಗಿರಣಿ ಥರ ಸದ್ದು ಮಾಡ್ತಿದ್ರೆ

ಏಪ್ರಿಲ್ ಬಂದ್ರೆ ಕುವೆಂಪುನಗರದ ನಮ್ಮ ಮಹಡಿ ರೂಮು ಕಾದ ಹೆಂಚು. ಕಂಪ್ಯೂಟರಿನ ಒಂದೇ ಫ್ಯಾನು ಕಿರುಚ್ಕೊಂಡು ತಿರುಗೋದು. ಅದರ ಬದಲು 120 ಎಂಎಂನ ಎರಡು ಫ್ಯಾನು ನಿಧಾನಕ್ಕೆ ತಿರುಗಲಿ, ಸದ್ದೇ ಇರಲ್ಲ. ಮುಂದಿನದು ಗಾಳಿ ಒಳಗೆಳೀಬೇಕು, ಹಿಂದಿನದು ಹೊರಗೆ ತಳ್ಳಬೇಕು. ಮೋಟಾರು ಹಿಡಿದಿರೋ ಅಡ್ಡಕಡ್ಡಿಗಳ ಕಡೆಯಿಂದ ಗಾಳಿ ಹೊರಬರುತ್ತೆ. ನಾನಂತೂ ಮೊದಲು ಉಲ್ಟಾನೇ ಕೂರಿಸಿದ್ದೆ!

ತಗೊಳ್ಳೋವಾಗ ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ (ಬೋರ್ಡಿನ ಸಿಗ್ನಲ್‌ಗೆ ತಕ್ಕಂತೆ ವೇಗ ಬದಲಿಸೋ) ಫ್ಯಾನೇ ಕೇಳಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗೋವಾಗ ಕೀ ಒತ್ತಿ ತೆರೆಯೋ ಸೆಟ್ಟಿಂಗು) ಶಾಖಕ್ಕೆ ತಕ್ಕಂತೆ ವೇಗ ಹೊಂದಿಸಬಹುದು. ನಾನು 50 ಡಿಗ್ರಿವರೆಗೆ 35% ಇಟ್ಟಿದೀನಿ, ಆಮೇಲೆ ಮೆಲ್ಲಗೆ ಏರುತ್ತೆ. ಮೂರು ಪಿನ್ನಿನದಾದ್ರೆ ಅಲ್ಲೇ ವೋಲ್ಟೇಜ್ ಇಳಿಸಿ ವೇಗ ತಗ್ಗಿಸೋ ಡಿಸಿ ಮೋಡ್‌ಗೆ ಹಾಕಿ, ಇಲ್ಲಾಂದ್ರೆ ಯಾವಾಗ್ಲೂ ಫುಲ್ ಸ್ಪೀಡೇ. ಮದರ್‌ಬೋರ್ಡಿನ ಒಂದೇ ಹೆಡರಿಗೆ (ಫ್ಯಾನಿನ ವೈರು ಚುಚ್ಚೋ ಪಿನ್ನುಗಳಿಗೆ) ಸ್ಪ್ಲಿಟರ್ (ಕವಲೊಡೆಯೋ ವೈರು) ಹಾಕೋರು ಫ್ಯಾನುಗಳ ಆಂಪ್ ಕೂಡಿ ನೋಡಿ. ಬಹಳಷ್ಟು ಬೋರ್ಡಲ್ಲಿ ಒಂದು ಹೆಡರಿನ ಮಿತಿ 1 ಆಂಪ್.