ಸಹಿಯುಳ್ಳ ಸೀಮಿತ ಆವೃತ್ತಿಗಳನ್ನು ಕೊಡಗಿನ ಮನೆಯಲ್ಲಿ ಕೂಡಿಡುವ ಬಗೆ

ಇಷ್ಟೇ ಪ್ರತಿಗಳೆಂದು ಮೊದಲೇ ಗೊತ್ತುಮಾಡಿ ಅಚ್ಚುಹಾಕಿದ ಪುಸ್ತಕವನ್ನು, ಅಂದರೆ ಸೀಮಿತ ಆವೃತ್ತಿಯೊಂದನ್ನು, ಕೊಳ್ಳುವಾಗ ಮೊದಲು ತೆರೆಯಬೇಕಾದುದು ಎಷ್ಟು ಪ್ರತಿಗಳು ಅಚ್ಚಾಗಿವೆ ಎಂದು ಪ್ರಕಾಶಕರು ಬರೆದುಕೊಟ್ಟಿರುವ ಪುಟ. ಅಲ್ಲಿ 37/250 ಎಂದಿದ್ದರೆ 250 ಪ್ರತಿಗಳಲ್ಲಿ ನಿಮ್ಮದು 37ನೆಯದು. ಆದರೆ ಇಂಗ್ಲಿಷ್ ಪ್ರಕಾಶಕರಲ್ಲಿ ಕೆಲವರು ಇವುಗಳ ಜೊತೆಗೆ ‘ಎ’ಯಿಂದ ‘ಝಡ್’ವರೆಗೆ ಅಕ್ಷರ ಹಾಕಿದ 26 ಪ್ರತಿಗಳನ್ನು ಇನ್ನೂ ಬೆಲೆಬಾಳುವ ರಟ್ಟಿನಲ್ಲಿ ಹೊರತರುವುದರಿಂದ, 250 ಎಂಬುದೇ ಒಟ್ಟು ಲೆಕ್ಕವೆಂದು ನಂಬಬಾರದು. ನಮ್ಮ ಕನ್ನಡ ಪುಸ್ತಕಗಳಲ್ಲಿ ‘ಪ್ರತಿಗಳು: 1000’ ಎಂದು ಅಚ್ಚಾಗುವುದು ಆ ಮುದ್ರಣದ ಲೆಕ್ಕ ಮಾತ್ರ, ಬೇಡಿಕೆ ಬಂದರೆ ಮರುಮುದ್ರಣವಾಗುತ್ತದೆ. ಅದನ್ನು ಸೀಮಿತ ಆವೃತ್ತಿಯೆಂದು ಹೇಳಿ ಹೆಚ್ಚು ಬೆಲೆ ಕೇಳುವವರಿಗೆ ಹಣ ಕೊಡಬೇಡಿ.

ಸಹಿಯ ಬಗೆಗಳನ್ನೂ ಬೇರ್ಪಡಿಸಿ ನೋಡಬೇಕು. ಪುಸ್ತಕದ ಹಾಳೆಯ ಮೇಲೆಯೇ ಹಾಕಿದ ಸಹಿ, ಬಿಡಿ ಹಾಳೆಗಳಿಗೆ ಸಹಿ ಹಾಕಿಸಿ ರಟ್ಟು ಕಟ್ಟುವಾಗ ಸೇರಿಸಿದ್ದು, ಅಂಟುಚೀಟಿಯ ಮೇಲಿನದು, ಇವು ಮೂರೂ ಒಂದೇ ಬೆಲೆಯವಲ್ಲ. ಸಹಿ ಅಸಲಿಯೆಂದು ಹೇಳುವ ಪ್ರಮಾಣಪತ್ರವೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ: 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಕೈಸಹಿಯದೆಂದು ತಲಾ 599 ಡಾಲರಿಗೆ ಮಾರಾಟವಾದ ಅವರ ಪುಸ್ತಕದ 900 ಪ್ರತಿಗಳಲ್ಲಿ, ಸಹಿಯನ್ನು ನಕಲಿಸುವ ಆಟೊಪೆನ್ ಯಂತ್ರದ ಸಹಿಯಿತ್ತೆಂದು ಕೊಂಡವರೇ ಪತ್ತೆಹಚ್ಚಿದರು, ಪ್ರಕಾಶಕರು ಹಣ ಹಿಂದಿರುಗಿಸಬೇಕಾಯಿತು. ಅಂದು ಓದುಗರು ಮಾಡಿದ್ದು ತಮ್ಮ ಪ್ರತಿಗಳ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದಷ್ಟೇ. ನೀವೂ ಹಾಗೆಯೇ ಮಾಡಬಹುದು, ಏಕೆಂದರೆ ಮನುಷ್ಯರ ಕೈ ಒಂದೇ ಗೆರೆಯನ್ನು ಎರಡು ಬಾರಿ ಎಳೆಯುವುದಿಲ್ಲ.

ಹಳೆಯ ಪುಸ್ತಕವಾದರೆ ಮುದ್ರಣದ ವರ್ಷವನ್ನೂ ಲೇಖಕರು ತೀರಿಕೊಂಡ ವರ್ಷವನ್ನೂ ಹೋಲಿಸಿ. ಕೊಡವರ ಜಾನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯ ಮೊದಲ ಮುದ್ರಣ 1924ರದು, ಅದನ್ನು ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪ ಅವರು ತೀರಿಕೊಂಡದ್ದು 1931ರಲ್ಲಿ, ಆಮೇಲಿನ ಯಾವ ಮುದ್ರಣದಲ್ಲಿ ಅವರ ಸಹಿ ಕಂಡರೂ ಅದು ಬೇರೆ ಯಾರದೋ ಕೈಬರಹ. ಕತೆಗಾರ್ತಿ ಕೊಡಗಿನ ಗೌರಮ್ಮನವರ ಪುಸ್ತಕಕ್ಕೆ ಅವರು ತೀರಿಕೊಂಡ 1939ನ್ನು ನೆನಪಿಡಿ.

ಇನ್ನು ಕೊಳ್ಳುವ ತುಡಿತದ ಮಾತು. ಒಂದು ಮಾಲೆಯ ಎಲ್ಲ ಸಂಪುಟಗಳೂ ಒಂದೇ ಸಂಖ್ಯೆಯವಾಗಿರಬೇಕು, ಓದಲೊಂದು, ಇಡಲೊಂದು ಎಂದು ಎರಡೆರಡು ಬೇಕು, ಇವತ್ತು ಬಿಟ್ಟರೆ ಮತ್ತೆ ಸಿಗದು ಎಂದೆಲ್ಲ ಮನಸ್ಸು ಹಟ ಹಿಡಿಯುತ್ತದೆ. ಕಾಫಿ ಮಾರಿದ ಹಣ ಕೈಸೇರಿದ ವಾರದಲ್ಲಿ ಈ ಹಟ ಇನ್ನೂ ಬಲವಾಗುವುದನ್ನು ನಾನು ಬಲ್ಲೆ. ಆ ವಾರ ಏನನ್ನೂ ಕೊಳ್ಳದೆ, ಬೇಕೆನಿಸಿದ್ದನ್ನು ಬರೆದಿಟ್ಟು, ತಿಂಗಳ ನಂತರ ಮತ್ತೆ ನೋಡುವುದು ನನ್ನ ಪದ್ಧತಿ.

ನಮ್ಮಲ್ಲಿ ಎಲ್ಲಕ್ಕಿಂತ ಕಠಿಣವಾದುದು ಕಾಪಾಡುವ ಕೆಲಸ. ಮಡಿಕೇರಿಯ ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಯೇ ಬೂಷ್ಟು ಹಿಡಿಯುವಾಗ ಬಟ್ಟೆಯ ರಟ್ಟು ಉಳಿದೀತೇ? ಪ್ರಕಾಶಕರು ಸುತ್ತಿದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಲು ಸಂಗ್ರಾಹಕರು ಹೆದರುತ್ತಾರೆ; ಇಲ್ಲಿ ಬಿಚ್ಚಲೇಬೇಕು, ಒಳಗೆ ಸೇರಿದ ತೇವ ಹೊರಬರುವುದಿಲ್ಲ. ಬೀರುವನ್ನು ಮಳೆ ಬಡಿಯುವ ಹೊರಗೋಡೆಗೆ ತಾಗಿಸದೆ, ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ತೇವಮಾಪಕವೊಂದನ್ನು ಒಳಗಿಟ್ಟು, ತೇವಾಂಶ ಶೇಕಡಾ 65 ದಾಟದಂತೆ ನೋಡಿಕೊಳ್ಳಿ. ಬಣ್ಣದ ಸಿಲಿಕಾ ಜೆಲ್ ನೀಲಿಯಿಂದ ನಸುಗೆಂಪಿಗೆ ತಿರುಗಿದರೆ ಅಡುಗೆಗೆ ಬಳಸದ ಪಾತ್ರೆಯಲ್ಲಿ ಹದವಾಗಿ ಕಾಯಿಸಿ, ನೀಲಿಯಾದ ಮೇಲೆ ಮತ್ತೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಲ್ಲಿಗೆ ಸಾಗಿಸಬೇಡಿ, ಹೊಗೆ ಕಾಗದವನ್ನು ಕಂದಿಸುತ್ತದೆ. ಬೂಷ್ಟು ಬಂದರೆ ಗಾಳಿಯಲ್ಲಿ ಪೂರ್ತಿ ಒಣಗಿಸಿದ ಮೇಲೆ ಮೆತ್ತನೆಯ ಕುಂಚದಿಂದ ಹೊರಗೆ ನಿಂತು ಒರೆಸಿ. ಒದ್ದೆ ಬಟ್ಟೆಯಿಂದ ಮುಟ್ಟಿದರೆ ಫೌಂಟನ್ ಪೆನ್ನಿನ ಸಹಿ ಹರಡಿಹೋಗುತ್ತದೆ, ಬಿಸಿಲಿಗೆ ಹಿಡಿದರೆ ಮಾಸುತ್ತದೆ.

ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ವಾರಕ್ಕೊಮ್ಮೆ ಪ್ರತಿಯೊಂದು ಪುಸ್ತಕವನ್ನೂ ಕೈಗೆತ್ತಿಕೊಂಡು ಹಾಳೆ ತಿರುವಬೇಕು. ನನ್ನಿಂದ ಅದು ನಲವತ್ತು ಪುಸ್ತಕಗಳಿಗೆ ಸಾಧ್ಯವಾಗಿದೆ. ಆದ್ದರಿಂದ ನಲವತ್ತೊಂದನೆಯದು ಮನೆಗೆ ಬರುವ ಮೊದಲು ಒಂದನ್ನು ಅದನ್ನು ಓದುವವರಿಗೆ, ಕೊಂಡಾಗಿನ ರಸೀದಿಯ ಸಮೇತ, ದಾಟಿಸುತ್ತೇನೆ.