ಹಳೆ ಜೀಪಿನ ಪ್ಯೂಜೊ ಡೀಸೆಲ್: ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ

ಮಲೆನಾಡು, ಕೊಡಗಿನ ತೋಟಗಳಲ್ಲಿ ಇಂದಿಗೂ ಓಡುವ ಹಳೆ ಮಹೀಂದ್ರ ಜೀಪುಗಳಲ್ಲಿ ಮುಖ್ಯವಾಗಿ ಎರಡು ಡೀಸೆಲ್ ಇಂಜಿನ್‌ಗಳಿವೆ. ಒಂದು ಟ್ರ್ಯಾಕ್ಟರ್ ವಂಶದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್). ಇನ್ನೊಂದು ಎಂಎಂ 540ರಂಥ ಗಾಡಿಗಳಲ್ಲಿ ಬಂದ ಪ್ಯೂಜೊ ಎಕ್ಸ್‌ಡಿಪಿ 4.90. ಇದರ ಬೋರ್ (ಸಿಲಿಂಡರಿನ ಅಗಲ) 90 ಮಿ.ಮೀ., ಸ್ಟ್ರೋಕ್ (ಪಿಸ್ಟನ್‌ನ ಓಡಾಟ) 83 ಮಿ.ಮೀ., ಒಟ್ಟು 2112 ಸಿಸಿ. ಡಿಐನಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುತ್ತದೆ. ಪ್ಯೂಜೊದಲ್ಲಿ ಸಿಲಿಂಡರ್ ಮುಚ್ಚುವ ಹೆಡ್‌ನೊಳಗಿನ ಪುಟ್ಟ ಕೋಣೆಗೆ ಹೋಗುತ್ತದೆ. ತಣ್ಣಗಿರುವಾಗ ಆ ಕೋಣೆಯ ಗೋಡೆಯೇ ಗಾಳಿಯ ಬಿಸಿಯನ್ನು ಹೀರಿಬಿಡುವುದರಿಂದ ಕಂಪ್ರೆಷನ್ (ಗಾಳಿಯನ್ನು ಒತ್ತುವ ಪ್ರಮಾಣ) 22:1ರ ಆಸುಪಾಸಿನಲ್ಲಿದ್ದರೂ ಆ ಕೋಣೆಯನ್ನು ಬಿಸಿ ಮಾಡುವ ಹೀಟರ್ ಪ್ಲಗ್ ಬೇಕೇ ಬೇಕು. ಡಿಐ ಗಾಡಿಯವರು ‘ಹೀಟರ್ ಯಾಕೆ, ಸೆಲ್ಫ್ ಹೊಡಿ’ ಎನ್ನುತ್ತಾರೆ. ಪ್ಯೂಜೊ ಮಟ್ಟಿಗೆ ಆ ಸಲಹೆಯಿಂದ ಬ್ಯಾಟರಿ ಇಳಿಯುತ್ತದೆ, ಅಷ್ಟೆ.

ಸ್ಟಾರ್ಟಿಂಗ್ ತೊಂದರೆಯ ಪ್ಯೂಜೊ ಕೈಗೆ ಬಂದರೆ ನಾನು ಮೊದಲು ಸೈಲೆನ್ಸರ್ ನೋಡುತ್ತೇನೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದು ಹಸಿ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ: ತಪ್ಪು ಹೀಟರ್‌ನಲ್ಲೋ ಕಂಪ್ರೆಷನ್‌ನಲ್ಲೋ ಇರುತ್ತದೆ. ಹೊಗೆಯೇ ಇಲ್ಲವೆಂದರೆ ಡೀಸೆಲ್ ಬರುತ್ತಿಲ್ಲ. ಈ ಒಂದು ಗುರುತಿನಿಂದ ಅರ್ಧ ಕೆಲಸ ಉಳಿಯುತ್ತದೆ.

ಹೀಟರ್ ಪ್ಲಗ್ ಪರೀಕ್ಷೆಗೆ ನಾಲ್ಕನ್ನೂ ಜೋಡಿಸಿರುವ ಪಟ್ಟಿಯನ್ನು ಬಿಚ್ಚಲೇಬೇಕು. ಬಿಚ್ಚದೆ ನೋಡಿದರೆ ಚೆನ್ನಾಗಿರುವ ಒಂದು ಪ್ಲಗ್ ಸತ್ತ ಮೂರನ್ನು ಮರೆಸುತ್ತದೆ. ಬ್ಯಾಟರಿ ಪಾಸಿಟಿವ್‌ನಿಂದ 12 ವೋಲ್ಟ್ ಟೆಸ್ಟ್ ಲ್ಯಾಂಪ್ ಮೂಲಕ ಒಂದೊಂದು ಪ್ಲಗ್‌ನ ತಲೆ ಮುಟ್ಟಿಸಿ; ಲ್ಯಾಂಪ್ ಹತ್ತದಿದ್ದರೆ ಆ ಪ್ಲಗ್ ಹೋಗಿದೆ. ನಾಲ್ಕೂ ಚೆನ್ನಾಗಿದ್ದರೆ ಪಟ್ಟಿ ಮತ್ತೆ ಹಾಕಿ, ಹೀಟರ್ ಆನ್ ಇರುವಾಗ ಪ್ಲಗ್ ತಲೆಯಲ್ಲೇ ವೋಲ್ಟೇಜ್ ಅಳೆಯಿರಿ. 11ರ ಹತ್ತಿರ ಬರಬೇಕು. 9 ಬಂದರೆ ಪ್ಲಗ್ ಎಷ್ಟು ಹೊಸದಾದರೂ ಕೆಂಪಾಗುವುದಿಲ್ಲ. ನಾಲ್ಕೂ ಸೇರಿ ಹತ್ತಾರು ಆಂಪಿಯರ್ ಎಳೆಯುತ್ತವೆ. ಹಳೆ ಗಾಡಿಯಲ್ಲಿ ಅದೆಲ್ಲ ಸುಟ್ಟ ಸ್ವಿಚ್ಚು, ತೆಳು ವೈರಿನ ಮೂಲಕ ಹರಿಯುತ್ತಿರುತ್ತದೆ. ಅಂಥ ಕಡೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ನಡುವೆ ಫ್ಯೂಸ್ ಮತ್ತು ಕನಿಷ್ಠ 70 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಹಾಕುತ್ತೇನೆ. ಹಳೆ ಸ್ವಿಚ್ ರಿಲೇಯನ್ನು ಎಬ್ಬಿಸಿದರೆ ಸಾಕು. ಇಂಜಿನ್ ಬ್ಲಾಕ್‌ನಿಂದ ಬ್ಯಾಟರಿಗೆ ಅರ್ತ್ ಪಟ್ಟಿಯನ್ನೂ ಹೊಸದಾಗಿಸಬೇಕು. ಚಳಿಗಾಲದಲ್ಲಿ ಹೀಟರ್ 20ರಿಂದ 30 ಸೆಕೆಂಡ್ ಹಿಡಿದರೆ ಸಾಕು.

ಪ್ಲಗ್ ಬಿಚ್ಚುವಾಗ ಅವಸರ ಬೇಡ. ತುದಿ ಉಬ್ಬಿದ್ದರೆ ಅಥವಾ ಕಾರ್ಬನ್ ಕಚ್ಚಿದ್ದರೆ ಮುರಿದು ಹೆಡ್‌ನೊಳಗೇ ಉಳಿಯುತ್ತದೆ, ಆಮೇಲೆ ಹೆಡ್ ಇಳಿಸದೆ ದಾರಿಯಿಲ್ಲ. ರಾತ್ರಿಯೇ ರಸ್ಟ್ ಆಯಿಲ್ (ತುಕ್ಕು ಬಿಡಿಸುವ ಎಣ್ಣೆ) ಬಿಟ್ಟು, ಇಂಜಿನ್ ಬೆಚ್ಚಗಿರುವಾಗ ಸ್ವಲ್ಪ ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಹೀಗೆ ತೆಗೆಯಬೇಕು.

ಬಿಳಿ ಹೊಗೆ ಇಲ್ಲದ ಗಾಡಿಯಲ್ಲಿ ಹೆಚ್ಚಿನ ಸಲ ಕಾರಣ ಗಾಳಿ. ಟ್ಯಾಂಕ್‌ನಿಂದ ಡೀಸೆಲ್ ಎಳೆದು ತರುವ ಫೀಡ್ ಪಂಪ್‌ವರೆಗಿನ ಪೈಪು ಎಳೆಯುವ ಕಡೆಯದು. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿ ಒಳಗೆ ನುಗ್ಗುತ್ತದೆ, ರಾತ್ರಿಯಿಡೀ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತದೆ. ಫಿಲ್ಟರ್ ಮತ್ತು ಇಂಜೆಕ್ಷನ್ ಪಂಪ್ ನಡುವೆ ಒಂದಡಿ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಇಂಜಿನ್‌ಗಿಂತ ಎತ್ತರದಲ್ಲಿ ಐದು ಲೀಟರ್ ಕ್ಯಾನ್ ಕಟ್ಟಿ ಅದರಿಂದ ಡೀಸೆಲ್ ಕೊಟ್ಟಾಗ ಬೆಳಿಗ್ಗೆ ಸಲೀಸಾಗಿ ಹತ್ತಿದರೆ ದೋಷ ಪೈಪಿನಲ್ಲಿದೆ. ಪಂಪನ್ನು ಬಿಚ್ಚುವ ಖರ್ಚು ಉಳಿಯಿತು. ಫಿಲ್ಟರ್ ತಲೆಯ ವಾಷರ್, ಡೀಸೆಲ್ ಪೈಪು ಕೂಡಿಸುವ ಬ್ಯಾಂಜೊ ಬೋಲ್ಟಿನ ತಾಮ್ರದ ವಾಷರ್ ಎರಡನ್ನೂ ಪ್ರತಿ ಸಲ ಹೊಸದು ಹಾಕಿ.

ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಇಂಜಿನ್ ಪೂರ್ತಿ ತಣ್ಣಗಿರುವಾಗ: ಇನ್‌ಲೆಟ್ 0.15 ಮಿ.ಮೀ., ಎಕ್ಸಾಸ್ಟ್ 0.25 ಮಿ.ಮೀ. ಗ್ಯಾಪ್ ಹೆಚ್ಚಿದ್ದರೆ ಕಟಕಟ ಸದ್ದು ಕೇಳಿ ಯಾರಾದರೂ ಸರಿಮಾಡುತ್ತಾರೆ. ಕಡಿಮೆಯಿದ್ದರೆ ಸದ್ದೇ ಇರುವುದಿಲ್ಲ, ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ ಕಂಪ್ರೆಷನ್ ಸೋರುತ್ತದೆ. ‘ಇಂಜಿನ್ ನಿಶ್ಶಬ್ದವಾಗಿದೆ’ ಎಂದು ಮೆಚ್ಚುವ ಮೊದಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನೋಡುವುದು ಒಳ್ಳೆಯದು. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2. ಒಂದನೇ ಸಿಲಿಂಡರಿನ ವಾಲ್ವ್‌ಗಳೆರಡೂ ಅಲುಗಾಡುವಾಗ ನಾಲ್ಕನೆಯದನ್ನು ಸೆಟ್ ಮಾಡಬೇಕು, ಮೂರರಲ್ಲಿ ಎರಡು, ನಾಲ್ಕರಲ್ಲಿ ಒಂದು, ಎರಡರಲ್ಲಿ ಮೂರು. ಪ್ಯೂಜೊ ಲೆಕ್ಕದಲ್ಲಿ ಒಂದನೇ ಸಿಲಿಂಡರ್ ಫ್ಲೈವೀಲ್ ಕಡೆಯದು, ರೇಡಿಯೇಟರ್ ಕಡೆಯದಲ್ಲ. ಟ್ಯಾಪೆಟ್‌ಗೆ ಇದರಿಂದ ವ್ಯತ್ಯಾಸ ಬರುವುದಿಲ್ಲ, ಜೋಡಿ ಅದೇ ಇರುತ್ತದೆ. ಪಂಪ್ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಕೂರಿಸುವಾಗ ಮಾತ್ರ ಗಮನವಿರಲಿ.

ಇಷ್ಟಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಗೇಜ್ ಹಾಕಿಸಿ. ಪಕ್ಕಪಕ್ಕದ ಎರಡು ಸಿಲಿಂಡರ್ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಸೀಲು) ಮೇಲೆ ಅನುಮಾನ. ಈ ಇಂಜಿನ್‌ನ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಒಂದು ಸಲ ಕುದಿಸಿದರೂ ಹೆಡ್ ಬಾಗುವ ಸಾಧ್ಯತೆಯಿದೆ. ಗ್ಯಾಸ್ಕೆಟ್ ಹಾಕುವ ಮೊದಲು ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಅಳೆಯಿರಿ, ಲೈನರ್‌ಗಳು (ಬ್ಲಾಕ್‌ನೊಳಗೆ ಕೂರಿಸಿದ ಸಿಲಿಂಡರ್ ಕೊಳವೆಗಳು) ಬ್ಲಾಕ್‌ನ ಮಟ್ಟಕ್ಕಿಂತ ಎಷ್ಟು ಮೇಲಿವೆ ಎಂಬುದನ್ನೂ ನೋಡಿ. ಒಂದು ಲೈನರ್ ತಗ್ಗಿದರೆ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ಬಾಳದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡವೇ ಬೇಡ, ಅಲ್ಯೂಮಿನಿಯಂ ತಿನ್ನುತ್ತದೆ; ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಹಾಕುತ್ತೇನೆ.

ಈಥರ್ ಸ್ಪ್ರೇ ಹೊಡೆದು ಎಬ್ಬಿಸುವವರಿದ್ದಾರೆ. ಹೀಟರ್ ಇರುವ ಇಂಜಿನ್‌ಗೆ ಅದು ಅಪಾಯ. ಕೆಂಪಾದ ಪ್ಲಗ್‌ಗೆ ತಾಗಿ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ರಿಂಗ್, ಪಿಸ್ಟನ್ ಒಡೆಯುತ್ತವೆ. ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿ ಸ್ಟಾರ್ಟ್ ಮಾಡುವುದರಿಂದ ಹಾನಿಯಿಲ್ಲ, ಆದರೆ ಹೋದ ಪ್ಲಗ್‌ಗಳು ಮಳೆಗಾಲ ಮುಗಿಯುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ.