ಬಿಯರ್ಡೆಡ್ ಐರಿಸ್: ಗಡ್ಡೆಯ ಬೆನ್ನಿಗೆ ಬಿಸಿಲು ಬೇಕು

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್ ಸುತ್ತಮುತ್ತ ಮನೆ ಮಾಡಿದ ಕನ್ನಡದವರು ಹಿತ್ತಲಲ್ಲಿ ಮೊದಲು ಹಾಕುವುದು ಟೊಮೆಟೊ, ಮೆಂತ್ಯ, ಮೆಣಸಿನಕಾಯಿ. ಆಮೇಲೆ ಹೂವು ಬೇಕು ಅನ್ನಿಸುತ್ತದೆ. ಯಾವುದು ಹಾಕಲಿ ಅಂತ ನನ್ನನ್ನು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಬಿಸಿಲು ಬೀಳುವ ಜಾಗ ಇದ್ದರೆ ಎತ್ತರದ ಬಿಯರ್ಡೆಡ್ ಐರಿಸ್ ಹಾಕಿ. ಇಲ್ಲಿಯ ಒಣ ಗಾಳಿ, ಚುರುಗುಟ್ಟುವ ಬಿಸಿಲು, ಕೊರೆಯುವ ಚಳಿ ಬೇರೆ ಎಷ್ಟೋ ಗಿಡಗಳಿಗೆ ಆಗಿಬರುವುದಿಲ್ಲ. ಐರಿಸ್‌ಗೆ ಬೇಕಾಗಿರುವುದೇ ಅದು. ಚಳಿಗಾಲದ ಶೀತ ತಗುಲದಿದ್ದರೆ ಅದು ಸರಿಯಾಗಿ ಮೊಗ್ಗೇ ಕಟ್ಟುವುದಿಲ್ಲ.

ಈ ಗಿಡಕ್ಕೆ ನೆಲದ ಮಟ್ಟದಲ್ಲಿ ಅಡ್ಡಡ್ಡ ಹರಿಯುವ ದಪ್ಪ ಗಡ್ಡೆ ಇರುತ್ತದೆ. ನೋಡುವುದಕ್ಕೆ ಥೇಟ್ ಶುಂಠಿ. ನೆಡುವುದು ಮಾತ್ರ ಪೂರ್ತಿ ಉಲ್ಟಾ. ಮಲೆನಾಡಿನಲ್ಲಿ ಶುಂಠಿ ಹಾಕುವವರು ಮಣ್ಣು ಮುಚ್ಚಿ, ಮೇಲೆ ಸೊಪ್ಪು ಹೊದಿಸುತ್ತಾರೆ. ಐರಿಸ್‌ಗೆ ಹಾಗೆ ಮಾಡಿದರೆ ಒಂದೋ ಕೊಳೆಯುತ್ತದೆ, ಇಲ್ಲ ಬರೀ ಎಲೆ ಬಿಟ್ಟುಕೊಂಡು ಕೂರುತ್ತದೆ. ಅದರ ಬೆನ್ನು ಹೊರಗೆ ಕಾಣಬೇಕು, ಅದಕ್ಕೆ ಬಿಸಿಲು ಬೀಳಬೇಕು. ಇದೊಂದು ಸರಿ ಹೋದರೆ ಉಳಿದದ್ದೆಲ್ಲ ಸುಲಭ.

ಜಾಗ ಆರಿಸುವಾಗ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಇದೆಯಾ ನೋಡಿ. 8 ಗಂಟೆ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಮನೆಯಲ್ಲಿ ಡ್ರೈವ್‌ವೇ ಪಕ್ಕದ ದಕ್ಷಿಣದ ಪಟ್ಟಿಯಲ್ಲಿವೆ. ಕಾಂಕ್ರೀಟಿನ ಕಾವು ತಾಗುವ ಆ ಜಾಗದಲ್ಲಿ ಬೇರೇನೂ ಚೆನ್ನಾಗಿ ಬರುತ್ತಿರಲಿಲ್ಲ. ನೀರು ನಿಲ್ಲುವ ತಗ್ಗು ಬೇಡವೇ ಬೇಡ. ಇಲ್ಲಿಯದು ಅಂಟು ಜೇಡಿಮಣ್ಣು. ಅದಕ್ಕೆ ಒಂದಿಷ್ಟು ಹಳೆಯ ಕಾಂಪೋಸ್ಟ್ ಬೆರೆಸಿ, ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ಮಣ್ಣು ಏರಿಸಿದರೆ ಸಾಕು. ಹಸಿ ಸಗಣಿ ಗೊಬ್ಬರ ಹಾಕಬೇಡಿ.

ನೆಡುವ ಕಾಲ ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ. ಅಷ್ಟು ಬಿಸಿಲಿನಲ್ಲಿ ನೆಡುವುದಾ ಅಂತ ಹೊಸಬರು ಹೆದರುತ್ತಾರೆ. ಆದರೆ ಹೂವು ಮುಗಿದ ಮೇಲೆ ಗಡ್ಡೆ ಸ್ವಲ್ಪ ವಿಶ್ರಾಂತಿಗೆ ಹೋಗುತ್ತದೆ, ಆಮೇಲೆ ಹೊಸ ಬೇರು ಬಿಡುವುದಕ್ಕೆ ಶುರು ಮಾಡುತ್ತದೆ. ನೆಡುವುದಕ್ಕೆ ಸರಿಯಾದ ಹೊತ್ತು ಅದೇ. ಡೆನ್ವರ್‌ನಲ್ಲಿ ಸಾಮಾನ್ಯವಾಗಿ ಅಕ್ಟೋಬರ್ ಮೊದಲ ಭಾಗದಲ್ಲೇ ಇಬ್ಬನಿ ಹೆಪ್ಪುಗಟ್ಟುತ್ತದೆ. ಅಷ್ಟರೊಳಗೆ ಬೇರು ಊರುವುದಕ್ಕೆ 6 ವಾರವಾದರೂ ಸಿಗಬೇಕು.

ಗುಂಡಿ ಅಗಲವಾಗಿರಲಿ, ಆಳ ಬೇಡ. ಗುಂಡಿಯ ನಡುವೆ ಮಣ್ಣಿನ ಒಂದು ಸಣ್ಣ ದಿಬ್ಬ ಮಾಡಿ. ಅದರ ಮೇಲೆ ಗಡ್ಡೆ ಕೂರಿಸಿ, ಬೇರುಗಳನ್ನು ಎರಡು ಬದಿಗೂ ಕೆಳಗೆ ಇಳಿಬಿಡಿ. ಬೇರಿನ ಮೇಲೆ ಮಣ್ಣು ಎಳೆದು ಅಂಗೈಯಿಂದ ಗಟ್ಟಿಯಾಗಿ ಒತ್ತಿ. ಕೈ ತೆಗೆದಾಗ ಗಡ್ಡೆಯ ಮೇಲ್ಭಾಗ ಕಾಣುತ್ತಿರಬೇಕು. ಎಲೆಗಳನ್ನು 15 ರಿಂದ 20 ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಬೇರು ಕಡಿಮೆ ಇರುವಾಗ ಅಷ್ಟೊಂದು ಎಲೆಗೆ ನೀರು ಒದಗಿಸುವುದು ಗಡ್ಡೆಗೆ ಕಷ್ಟ. ಗಾಳಿಗೂ ಅಲುಗಾಡಿ ಬೇರು ಕಿತ್ತು ಬರುತ್ತದೆ. ಫೀನಿಕ್ಸ್ ತರಹದ ಸುಡುಬಿಸಿಲಿನ ಊರಲ್ಲಿ ಇದ್ದೀರಾ? ಹಾಗಾದರೆ ಬೆನ್ನಿನ ಮೇಲೆ ಒಂದು ತೆಳು ಪದರ ಮಣ್ಣು ಇರಲಿ, ಇಲ್ಲದಿದ್ದರೆ ಬೆಂದುಹೋಗುತ್ತದೆ.

ಗಡ್ಡೆ ಯಾವ ಕಡೆ ನಡೆಯುತ್ತದೆ ಅನ್ನುವುದು ಮೊದಲೇ ಗೊತ್ತಾಗುತ್ತದೆ. ಎಲೆ ಇರುವ ತುದಿಯ ಕಡೆಗೇ ಅದು ಬೆಳೆಯುವುದು. ಮೂರು ಗಡ್ಡೆ ಇದ್ದರೆ ತ್ರಿಕೋನದಲ್ಲಿ ಇಡಿ, ಎಲೆಯ ತುದಿಗಳೆಲ್ಲ ಹೊರಗೆ ನೋಡುತ್ತಿರಲಿ. ಆಗ ಒಂದರ ಮೇಲೆ ಒಂದು ಹತ್ತುವುದಿಲ್ಲ. ನಡುವೆ 30 ರಿಂದ 45 ಸೆಂಟಿಮೀಟರ್ ಬಿಡಿ. ಮೊದಲ ವರ್ಷ ಬೋಳು ಬೋಳಾಗಿ ಕಾಣುತ್ತದೆ ಅಂತ ಒತ್ತೊತ್ತಾಗಿ ನೆಡಬೇಡಿ. ಎರಡು ಮೂರು ವರ್ಷದಲ್ಲಿ ಜಾಗ ತಾನೇ ತುಂಬುತ್ತದೆ.

ಈಗ ನೀರಿನ ವಿಷಯ. ನಮ್ಮ ಕಡೆ ಐರಿಸ್ ಸಾಯುವುದು ಹೆಚ್ಚಾಗಿ ಪ್ರೀತಿಯಿಂದಲೇ. ನೆಟ್ಟ ದಿನ ಚೆನ್ನಾಗಿ ನೀರು ಕೊಡಿ. ಆಮೇಲೆ ಬೇರು ಊರುವವರೆಗೆ ಮಣ್ಣಿನ ಮೇಲ್ಭಾಗ ಒಣಗಿದ ಮೇಲೆ ಒಂದೊಂದು ಸಲ ಆಳವಾಗಿ ಕೊಟ್ಟರೆ ಸಾಕು. ಹಳೆಯ ಗಿಡಗಳಿಗೆ ವಸಂತದಲ್ಲಿ ಹೂವು ಮುಗಿಯುವವರೆಗೆ ನೀರು ಬೇಕು. ಬೇಸಿಗೆಯಲ್ಲಿ ತುಂಬಾ ಕಡಿಮೆ. ಲಾನ್‌ಗೆ ಹಾಕಿದ ಸ್ಪ್ರಿಂಕ್ಲರ್ ದಿನಾ ಬೆಳಿಗ್ಗೆ ಗಡ್ಡೆಯ ಮೇಲೆ ಉಗುಳುತ್ತಿದ್ದರೆ ಅದರ ಮೂತಿ ತಿರುಗಿಸಿ. ಮಣ್ಣಿನ ಮೇಲೆ ತೊಗಟೆ ಚೂರಿನ ಹೊದಿಕೆ (ಮಲ್ಚ್) ಹಾಕಿದ್ದರೆ ಗಡ್ಡೆಯ ಸುತ್ತ ಒಂದು ಗೇಣು ಸರಿಸಿ. ತೋಟದ ಕೆಲಸದವರು ಪ್ರತಿ ವಸಂತದಲ್ಲೂ ಅದನ್ನು ಮತ್ತೆ ಒತ್ತಿ ಹೋಗುತ್ತಾರೆ. ಅವರು ಹೋದ ಮೇಲೆ ಒಂದು ಸುತ್ತು ಬಂದು ಕೈಯಿಂದ ಬಿಡಿಸಿ.

ಗೊಬ್ಬರ ಜಾಸ್ತಿ ಬೇಡ. ಲಾನ್ ಗೊಬ್ಬರದಲ್ಲಿ ಸಾರಜನಕ ತುಂಬಾ ಇರುತ್ತದೆ. ಅದು ಬಿದ್ದರೆ ಎಲೆ ಸೊಂಪಾಗಿ ಬರುತ್ತದೆ, ಹೂವು ಬರುವುದಿಲ್ಲ, ಗಡ್ಡೆ ಮೆತ್ತಗಾಗಿ ಕೊಳೆಗೆ ದಾರಿಯಾಗುತ್ತದೆ. 5-10-10 ಅಂತ ಬರೆದಿರುವ, ಅಂದರೆ ಸಾರಜನಕ ಕಡಿಮೆ, ರಂಜಕ, ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರವನ್ನು ವಸಂತದ ಶುರುವಿನಲ್ಲಿ ಒಂದು ಹಿಡಿ, ಹೂವು ಮುಗಿದು ಒಂದು ತಿಂಗಳಿಗೆ ಇನ್ನೊಂದು ಹಿಡಿ, ಗಿಡದ ಸುತ್ತ ಹಾಕಿ. ಗಡ್ಡೆಯ ಮೇಲೆ ಬೀಳಬಾರದು.

ಯಾವ ತಳಿ ಅಂತ ಕೇಳಿದರೆ ನನಗೆ ಮಾತು ನಿಲ್ಲಿಸುವುದು ಕಷ್ಟ. 70 ಸೆಂಟಿಮೀಟರಿಗಿಂತ ಎತ್ತರ ಹೋಗುವುದನ್ನು ಎತ್ತರದ ಗುಂಪಿಗೆ ಸೇರಿಸುತ್ತಾರೆ. ಅದರಲ್ಲಿ ಸಾವಿರಾರು ತಳಿಗಳಿವೆ. ಮೊದಲ ಸಲಕ್ಕೆ ಡೈಕ್ಸ್ ಮೆಡಲ್ ಗೆದ್ದ ಹಳೆಯ ತಳಿಗಳನ್ನು ತೆಗೆದುಕೊಳ್ಳಿ. ಐರಿಸ್ ಲೋಕದ ದೊಡ್ಡ ಪ್ರಶಸ್ತಿ ಅದು. ಹಳೆಯವು ಬೆಲೆಯಲ್ಲೂ ಕಡಿಮೆ, ಎಷ್ಟೋ ತೋಟಗಳಲ್ಲಿ ಬದುಕಿ ತೋರಿಸಿಯೂ ಇವೆ. ಆರೆಗಾನ್‌ನ ಐರಿಸ್ ತಳಿ ಬೆಳೆಸುವ ಶ್ರೈನರ್ ಕುಟುಂಬದ ಡಸ್ಕಿ ಚಾಲೆಂಜರ್ 1992ರಲ್ಲಿ ಗೆದ್ದದ್ದು. ಕಡು ನೇರಳೆ, ರೇಷ್ಮೆಯ ಹೊಳಪು. ಬೆವರ್ಲಿ ಸಿಲ್ಸ್ ತಿಳಿ ಗುಲಾಬಿ, 1985ರದ್ದು. ಎಡಿತ್ ವುಲ್ಫರ್ಡ್ 1993ರದ್ದು. ಅದರ ಮೇಲಿನ ಮೂರು ಎಸಳು ಬೆಣ್ಣೆ ಹಳದಿ, ಕೆಳಗಿನ ಮೂರು ನೀಲಿ ನೇರಳೆ. ಇಮ್ಮಾರ್ಟಾಲಿಟಿ ಅನ್ನುವ ಬಿಳಿ ತಳಿ ಶರತ್ಕಾಲದಲ್ಲಿ ಇನ್ನೊಂದು ಸಲ ಹೂ ಬಿಡುವಂಥದ್ದು. ಇಲ್ಲಿ ಕೆಲವು ವರ್ಷ ಚಳಿ ಬೇಗ ಬಂದು ಆ ಎರಡನೇ ಹೂವನ್ನು ಕಿತ್ತುಕೊಳ್ಳುತ್ತದೆ. ಆದರೂ ನಾನು ಅದನ್ನು ಬಿಡುವುದಿಲ್ಲ.

ಹೂವು ಬರುವುದು ಮೇ ಕೊನೆಗೆ. ಬಂದಾಗ ಒಂದು ಹೂವಿನ ಮುಂದೆ ಬಗ್ಗಿ ಕೂತು ನೋಡಿ. ಕೆಳಗೆ ಬಾಗಿದ ಪ್ರತಿ ಎಸಳಿನ ನಡುವೆ ಗಂಟಲಿನಿಂದ ಹೊರಟ ನವಿರು ಕೂದಲಿನ ಒಂದು ಸಾಲು ಇದೆ. ಬಿಯರ್ಡೆಡ್, ಅಂದರೆ ಗಡ್ಡದ, ಅನ್ನುವ ಹೆಸರು ಬಂದದ್ದು ಅದರಿಂದಲೇ. ಒಂದರಲ್ಲಿ ಕಿತ್ತಳೆ, ಇನ್ನೊಂದರಲ್ಲಿ ಹಳದಿ, ಕೆಲವದರಲ್ಲಿ ಬುಡ ಹಳದಿ, ತುದಿ ನೀಲಿ. ದುಂಬಿ ಅದರ ಮೇಲೆ ಕಾಲಿಟ್ಟುಕೊಂಡೇ ಒಳಗೆ ನುಗ್ಗುತ್ತದೆ. ಬೆನ್ನಿಗೆ ಪರಾಗ ಮೆತ್ತಿಕೊಂಡು ಹಿಂದೆ ಹಿಂದೆ ಜರುಗಿ ಹೊರಬರುತ್ತದೆ. ಕೆಲವು ನೇರಳೆ ತಳಿಗಳಿಗೆ ದ್ರಾಕ್ಷಿ ರಸದ ಪರಿಮಳ. ಒಂದು ಹೂವು ಎರಡು ಮೂರು ದಿನ ಇರುತ್ತದೆ. ಒಳ್ಳೆಯ ದಂಟಿನಲ್ಲಿ 7 ರಿಂದ 10 ಮೊಗ್ಗು ಇರುವುದರಿಂದ ಎರಡು ವಾರದ ಹಬ್ಬಕ್ಕೆ ಮೋಸವಿಲ್ಲ. ಬಾಡಿದ್ದನ್ನು ದಿನಾ ಬೆರಳಿನಿಂದ ಮುರಿದು ತೆಗೆಯಿರಿ. ಕಡು ನೇರಳೆಯದು ಮುದುಡಿ ನೀರಾದಾಗ ಬಟ್ಟೆಗೆ ಕಲೆ ಹತ್ತುತ್ತದೆ, ಹಳೆಯ ಅಂಗಿ ಹಾಕಿಕೊಂಡೇ ಹೋಗಿ.

ಕೊಲೊರಾಡೊದಲ್ಲಿ ಮೇ ತಿಂಗಳನ್ನು ನಂಬುವ ಹಾಗಿಲ್ಲ. 2022ರ ಮೇ 20, 21ರಂದು ಡೆನ್ವರ್‌ನಲ್ಲಿ ಹಸಿ ಹಿಮ ಸುರಿಯಿತು. ಇಂಥ ದಿನ ಹೊರಗೆ ಹೋಗಿ ದಂಟನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಹಿಮ ಉದುರಿಸಿ. ಮುರಿದ ದಂಟನ್ನು ಕತ್ತರಿಸಿ ಒಳಗೆ ತಂದು ನೀರಲ್ಲಿಡಿ. ಬಲಿತ ಮೊಗ್ಗುಗಳು ಹೂದಾನಿಯಲ್ಲೇ ಒಂದೊಂದಾಗಿ ಅರಳುತ್ತವೆ. ಆಲಿಕಲ್ಲಿಗೆ ಮಾತ್ರ ನನ್ನ ಹತ್ತಿರ ಉಪಾಯವಿಲ್ಲ.

ರೋಗ ಅಂದರೆ ಮುಖ್ಯವಾಗಿ ಕೊಳೆ. ಎಲೆಯ ಕಟ್ಟು ಒಂದು ಬದಿಗೆ ವಾಲುತ್ತದೆ, ಬುಡ ಹಿಸುಕಿದರೆ ಮೆತ್ತಗಿರುತ್ತದೆ, ಕೆಟ್ಟ ವಾಸನೆ ಬರುತ್ತದೆ. ತಡ ಮಾಡಬೇಡಿ. ಹಳೆಯ ಚಮಚದಿಂದ ಕೊಳೆತದ್ದನ್ನೆಲ್ಲ ಗಟ್ಟಿ ಬಿಳಿ ಭಾಗ ಸಿಗುವವರೆಗೆ ಕೆರೆದು ತೆಗೆಯಿರಿ. ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಸೇರಿಸಿ ಗಾಯ ತೊಳೆಯಿರಿ, ಚಮಚ, ಚಾಕು ಕೂಡ. ಗಾಯವನ್ನು ಬಿಸಿಲಿಗೆ ತೆರೆದಿಡಿ. ಅದು ಒಣಗಿ ಸಿಪ್ಪೆ ಕಟ್ಟಿದರೆ ಗಿಡ ಉಳಿಯಿತು. ಅಮೆರಿಕದ ಪೂರ್ವ ಭಾಗದಲ್ಲಿ ಇರುವವರು ಐರಿಸ್ ಬೋರರ್ ಹುಳುವನ್ನೂ ನೋಡಿಕೊಳ್ಳಬೇಕು. ಅದರ ಮೊಟ್ಟೆ ಒಣ ಎಲೆಯಲ್ಲಿ ಚಳಿಗಾಲ ಕಳೆಯುತ್ತದೆ. ಹಾಗಾಗಿ ಶರತ್ಕಾಲದಲ್ಲಿ ಒಣಗಿದ ಎಲೆ ಪೂರ್ತಿ ತೆಗೆದು ಕಸಕ್ಕೆ ಹಾಕಿ. ನೆಡುವಾಗ ಬಿಟ್ಟರೆ ಬೇಸಿಗೆಯಲ್ಲಿ ಹಸಿರೆಲೆ ಕತ್ತರಿಸಬೇಡಿ. ಮುಂದಿನ ವರ್ಷದ ಹೂವಿಗೆ ಊಟ ಕೂಡಿಡುವುದು ಅದೇ.

ಬೆಂಗಳೂರಿನ ನೆಂಟರು ನಮಗೂ ಎರಡು ಗಡ್ಡೆ ತಂದುಕೊಡು ಅಂತ ಕೇಳುತ್ತಾರೆ. ಸರ್ಕಾರದ ಅನುಮತಿ, ಸಸ್ಯ ಆರೋಗ್ಯ ಪತ್ರ ಇಲ್ಲದೆ ಗಡ್ಡೆಯನ್ನು ಸೂಟ್‌ಕೇಸಿನಲ್ಲಿ ತರುವ ಹಾಗಿಲ್ಲ. ತಂದರೂ ಬೆಂಗಳೂರಿನ ಚಳಿ ಅದಕ್ಕೆ ಸಾಲದು. ಕಾಶ್ಮೀರದಲ್ಲಾದರೆ ಐರಿಸ್ ಗೋರಿಗಳ ಮೇಲೆ ಸಾಲು ಸಾಲಾಗಿ ಅರಳುತ್ತದೆ. ವಸಂತದಲ್ಲಿ ಆ ಕಡೆ ಹೋದರೆ ತಪ್ಪದೆ ನೋಡಿ ಅಂತ ನಾನು ಅವರಿಗೆ ಹೇಳುತ್ತೇನೆ.

ಒಂದು ಗಡ್ಡೆ ಹೂ ಬಿಡುವುದು ಒಂದೇ ಸಲ. ಆಮೇಲೆ ಅದರ ಪಕ್ಕದ ಮರಿಗಳ ಸರದಿ. ಮೂರು ನಾಲ್ಕು ವರ್ಷಕ್ಕೆ ಮರಿಗಳು ಒಂದರ ಮೇಲೊಂದು ಬಿದ್ದು ಹೂವು ಕಡಿಮೆಯಾಗುತ್ತದೆ. ಹೂವು ಮುಗಿದು ಆರು ವಾರದ ಮೇಲೆ ಇಡೀ ಗುಂಪನ್ನು ಫೋರ್ಕ್‌ನಿಂದ ಎತ್ತಿ. ಅಗೆಯುವ ಮುಂಚೆ ತಳಿಯ ಹೆಸರನ್ನು ಮಾರ್ಕರ್‌ನಲ್ಲಿ ಎಲೆಯ ಮೇಲೆಯೇ ಬರೆದುಬಿಡಿ. ಕಿತ್ತ ಮೇಲೆ ಎಲ್ಲ ಗಡ್ಡೆಯೂ ಒಂದೇ ತರಹ ಕಾಣುತ್ತದೆ. ನಡುವಿನ ಮುದಿ ಗಡ್ಡೆ ಬಿಸಾಡಿ. ದಪ್ಪ ಮರಿಗಳನ್ನು ಎಲೆ, ಬೇರು ಸಮೇತ ಬಿಡಿಸಿಕೊಳ್ಳಿ. ಮುಟ್ಟಿದರೆ ಕೆಲವರಿಗೆ ಕೈ ತುರಿಸುತ್ತದೆ, ಗ್ಲೌಸ್ ಇರಲಿ. ಗಡ್ಡೆ ತಿಂದರೆ ನಾಯಿ ಬೆಕ್ಕಿಗೂ ಒಳ್ಳೆಯದಲ್ಲ. ಕತ್ತರಿಸಿದ ಜಾಗ ಒಣಗಲು ನೆರಳಲ್ಲಿ ಒಂದೆರಡು ದಿನ ಹರಡಿಡಿ. ಸ್ನೇಹಿತರಿಗೆ ಕೊಡುವುದಾದರೆ ಪೇಪರಿನಲ್ಲಿ ಸುತ್ತಿ ಕೊಡಿ, ಪ್ಲಾಸ್ಟಿಕ್ ಕವರ್ ಬೇಡ. ಹೀಗೆ ಒಣಗಿದ ಗಡ್ಡೆ ಒಂದೆರಡು ವಾರ ಕಾಯುತ್ತದೆ. ಕೊಡುವಾಗ ಗಡ್ಡೆಯ ಬೆನ್ನು ಹೊರಗೆ ಕಾಣುವ ಹಾಗೆ ನೆಡಿ ಅಂತ ಒಂದು ಚೀಟಿಯಲ್ಲಿ ಬರೆದು ಜೊತೆಗೆ ಇಡಿ.